ಹಿತ್ತಲಲ್ಲಿ ಮತ್ತೆ ಮೀಟರ್ ಗೇಜ್: ಮನೆ ಹಿಂದೆ ಪುಟ್ಟ ರೈಲು ಓಡಿಸೋದು ಹೇಗೆ?

ಕಡೂರು: ಈ ಭಾಗಕ್ಕೆ ರೈಲು ಹೊಸದಲ್ಲ. 1889ರ ಹೊತ್ತಿಗೇ ಬೆಂಗಳೂರು–ಹರಿಹರ ಮಾರ್ಗ ಕಡೂರು, ಬೀರೂರು, ಅಜ್ಜಂಪುರ ದಾಟಿ ಹೋಗಿತ್ತು. ಆಮೇಲೆ ಬೀರೂರಿನಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಕವಲೂ ಒಡೆಯಿತು. ಹೆಚ್ಚೂಕಡಿಮೆ ನೂರು ವರ್ಷ ಇಲ್ಲಿ ಓಡಿದ್ದು ಮೀಟರ್ ಗೇಜ್ ರೈಲು. 1990ರ ದಶಕದಲ್ಲಿ ಆ ಹಳಿ ಕಿತ್ತು ಬ್ರಾಡ್ ಗೇಜ್ ಹಾಕಿದರು. ಇವತ್ತು ಕಾಲೇಜಿಗೆ ಹೋಗುವ ಹುಡುಗರು ಮೀಟರ್ ಗೇಜ್ ಅನ್ನೋ ಮಾತನ್ನು ಅಪ್ಪನ ಬಾಯಲ್ಲಿ ಕೇಳಿರಬಹುದು, ಅಷ್ಟೇ. 2013ರಲ್ಲಿ ಶುರುವಾದ ಕಡೂರು–ಚಿಕ್ಕಮಗಳೂರು ಮಾರ್ಗವಂತೂ ಹುಟ್ಟಿದ್ದೇ ಬ್ರಾಡ್ ಗೇಜ್ ಆಗಿ.

ಆ ಹಳೇ ಮೀಟರ್ ಗೇಜನ್ನು ಅಳತೆ ತಪ್ಪದ ಹಾಗೆ ಮನೆ ಹಿತ್ತಲಲ್ಲಿ ಮತ್ತೆ ಓಡಿಸಬಹುದು. ಇದಕ್ಕೆ ಗಾರ್ಡನ್ ರೈಲ್ವೆ ಅಂತಾರೆ. ಜರ್ಮನಿ, ಇಂಗ್ಲೆಂಡ್ ಕಡೆ ಇದು ದೊಡ್ಡ ಹವ್ಯಾಸ. ನಮ್ಮಲ್ಲಿ ಕಡಿಮೆ, ಅದಕ್ಕೆ ದುಡ್ಡು ಒಂದು ಕಾರಣ. ಇನ್ನೊಂದು ಕಾರಣ ಮಾಹಿತಿ. ಆನ್‌ಲೈನಲ್ಲಿ ಸಿಗುವ ವಿಡಿಯೋಗಳೆಲ್ಲ ಹಿಮ ಬೀಳುವ ದೇಶದವು. ಅಜ್ಜಂಪುರದ ಎರೆ ಮಣ್ಣು, ತರೀಕೆರೆಯ ಮಳೆ, ಕಡೂರಿನ ತೆಂಗಿನ ಗರಿ ಅವರಿಗೆ ಗೊತ್ತಿಲ್ಲ.

45 ಮಿ.ಮೀ. ಲೆಕ್ಕ

ಮೊದಲು ಗೇಜ್ ಅರ್ಥ ಆಗಬೇಕು. ಇಲ್ಲಿ ಎಡವಿದರೆ ಮುಂದೆ ಹಾಕುವ ದುಡ್ಡೆಲ್ಲ ನೀರಿಗೆ.

1968ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಲೇಮನ್ ಕಂಪನಿ ಎಲ್‌ಜಿಬಿ ಅನ್ನೋ ಹೆಸರಲ್ಲಿ ಮಳೆ ಬಿಸಿಲಿಗೆ ಹೊರಗೇ ಬಿಡಬಹುದಾದ ಆಟದ ರೈಲು ತಂದಿತು. ಎರಡು ಹಳಿ ನಡುವೆ 45 ಮಿ.ಮೀ., ಸ್ಕೇಲ್ 1:22.5. ಅಂದರೆ ನಿಜವಾದ ರೈಲಿನ 22.5 ಮೀಟರ್ ಇಲ್ಲಿ ಒಂದು ಮೀಟರ್. ಈಗ 45ನ್ನು 22.5ರಿಂದ ಗುಣಿಸಿ ನೋಡಿ. 1012 ಮಿ.ಮೀ. ಬರುತ್ತೆ. ಒಂದು ಮೀಟರ್! ಯುರೋಪಿನ ಗುಡ್ಡಗಾಡಿನ ಮೀಟರ್ ಗೇಜ್ ರೈಲುಗಳನ್ನು ಮನಸ್ಸಲ್ಲಿಟ್ಟುಕೊಂಡು ಅವರು ಮಾಡಿದ ಅಳತೆ ನಮ್ಮ ಬೀರೂರು–ಶಿವಮೊಗ್ಗದ ಹಳೇ ಹಳಿಗೂ ಸರಿಯಾಗಿ ಕೂರುತ್ತೆ.

ಈಗ ಓಡುವ ಬ್ರಾಡ್ ಗೇಜ್ ಗಾಡಿ ಇದರ ಮೇಲೆ ಮಾಡ್ತೀನಿ ಅಂದರೆ ಲೆಕ್ಕ ಕೆಡುತ್ತೆ. ಬ್ರಾಡ್ ಗೇಜ್ 1676 ಮಿ.ಮೀ. ಅದೇ ಸ್ಕೇಲಿಗೆ 74.5 ಮಿ.ಮೀ. ಅಗಲದ ಹಳಿ ಬೇಕು. 45 ಮಿ.ಮೀ. ಹಳಿ ಮೇಲೆಯೇ ಕೂರಿಸಬೇಕಂದರೆ ಸ್ಕೇಲನ್ನು 1:37ಕ್ಕೆ ಇಳಿಸಬೇಕು. ಇದನ್ನು ನೋಡದೆ ದೊಡ್ಡ ಬೋಗಿ ಮಾಡಿ ಸಣ್ಣ ಹಳಿ ಮೇಲಿಟ್ಟರೆ ಆನೆಗೆ ಆಡಿನ ಕಾಲು ಕಟ್ಟಿದ ಹಾಗೆ ಕಾಣುತ್ತೆ.

ತರೀಕೆರೆಯವರಿಗೆ ಇನ್ನೊಂದು ದಾರಿ ಇದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಗೇಜಿನ ಪುಟ್ಟ ರೈಲು ಓಡುತ್ತಿತ್ತು. ಎರಡಡಿ ಅಂದರೆ 610 ಮಿ.ಮೀ. ಅದಕ್ಕೆ ಹೊಂದೋದು 32 ಮಿ.ಮೀ. ಹಳಿ, 1:19 ಸ್ಕೇಲ್. ಇಂಗ್ಲೆಂಡಿನ ಹವ್ಯಾಸಿಗಳು ಎರಡಡಿ ಗೇಜಿನ ರೈಲುಗಳಿಗೆ ಇದನ್ನೇ ಬಳಸೋದು. ಹಳಿ ಕಿರಿದು, ಆದರೆ ಸ್ಕೇಲ್ ದೊಡ್ಡದು, ಹಾಗಾಗಿ ಬೋಗಿ ದಪ್ಪನಾಗೇ ಬರುತ್ತೆ, ಕೈಯಲ್ಲಿ ಮಾಡೋಕೆ ಸುಲಭ.

ಪುಣೆಯ ಕೋಥ್ರೂಡಿನಲ್ಲಿ 1998ರಿಂದ ಇರುವ ಜೋಶಿ ಅವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿ ಬಂದವರು 'ಅಂಥದ್ದೇ ಬೇಕು' ಅಂತಾರೆ. ಅದು 1:87 ಸ್ಕೇಲಿನ ಎಚ್‌ಒ, ಹಳಿ ಅಗಲ 16.5 ಮಿ.ಮೀ. ಒಳಾಂಗಣದ ಟೇಬಲ್ಲಿಗೆ ಸರಿ. ಹಿತ್ತಲಲ್ಲಿ ಒಂದು ಸಾಲು ಇರುವೆ ಅಡ್ಡ ಬಂದರೂ ಅದು ನಿಲ್ಲುತ್ತೆ. ಇನ್ನು ಬೆಂಗಳೂರಿನ ಬಾಲಭವನದ ಪುಟಾಣಿ ಎಕ್ಸ್‌ಪ್ರೆಸ್ ಥರ ಮಕ್ಕಳು ಕೂತು ಹೋಗುವ ರೈಲು ಬೇರೆಯದೇ ಲೋಕ. ಕೂರುವ ರೈಲಿಗೆ ಇದಕ್ಕಿಂತ ಅಗಲವಾದ ಗೇಜ್, ಗಟ್ಟಿ ಕಬ್ಬಿಣದ ಹಳಿ ಬೇಕು. 45 ಮಿ.ಮೀ. ಗಾಡಿ ಮೇಲೆ ಯಾವ ಮಗುವೂ ಕೂರಬಾರದು. ಆದರೆ ಎರಡು ವರ್ಷದ ಮಗು ಕಂಡ ತಕ್ಷಣ ಕೂರೋಕೆ ಹೋಗುತ್ತೆ, ಅದು ನೆನಪಿರಲಿ.

ಜಾಗ ಎಷ್ಟು ಬೇಕು?

ಎಲ್‌ಜಿಬಿಯ ಅತಿ ಚಿಕ್ಕ ತಿರುವಿನ ತ್ರಿಜ್ಯ 60 ಸೆಂ.ಮೀ. ಹನ್ನೆರಡು ತುಂಡು ಜೋಡಿಸಿದರೆ ಒಂದು ವೃತ್ತ. ತುಳಸಿಕಟ್ಟೆ ಸುತ್ತ ಸರಿಹೋಗುತ್ತೆ ಅನ್ನಿಸಬಹುದು. ಆದರೆ ನಿಜವಾದ ರೈಲ್ವೆಯಲ್ಲಿ ಮೀಟರ್ ಗೇಜ್‌ಗೆ ಬಿಡುವ ಅತಿ ಬಿಗಿ ತಿರುವು 16 ಡಿಗ್ರಿ, ಅಂದರೆ 109 ಮೀಟರ್ ತ್ರಿಜ್ಯ. ಅದನ್ನು ಸ್ಕೇಲಿಗೆ ಇಳಿಸಿದರೆ 4.8 ಮೀಟರ್. ಆಟದ ತಿರುವು ಅದರ ಎಂಟನೇ ಒಂದು ಭಾಗ! ಸಣ್ಣ ಎಂಜಿನ್, ಎರಡು ಗೂಡ್ಸ್ ವ್ಯಾಗನ್ ತಿರುಗುತ್ತವೆ. ಪ್ಯಾಸೆಂಜರ್ ಬೋಗಿ ತಿರುಗಲ್ಲ. ಮೀಟರ್ ಗೇಜ್ ಬೋಗಿ ಸುಮಾರು 19 ಮೀಟರ್ ಉದ್ದ, ಸ್ಕೇಲಿಗೆ 85 ಸೆಂ.ಮೀ. ಅಷ್ಟು ಉದ್ದದ್ದನ್ನು 60 ಸೆಂ.ಮೀ. ತಿರುವಲ್ಲಿ ಬಿಟ್ಟರೆ ಹೊಟ್ಟೆ ಒಳಗೆ, ಮೂಲೆ ಹೊರಗೆ ಹೋಗಿ ಹಳಿ ಬಿಡುತ್ತೆ.

ನಡುಮಧ್ಯದ ದಾರಿ 1.2 ಮೀಟರ್ ತ್ರಿಜ್ಯ. ಹಿತ್ತಲಲ್ಲಿ 6 ಮೀಟರ್ ಉದ್ದ, 3 ಮೀಟರ್ ಅಗಲ ಖಾಲಿ ಇದ್ದರೆ ಉದ್ದುದ್ದ ಮೊಟ್ಟೆ ಆಕಾರದ ಲೂಪ್ ಕೂರುತ್ತೆ. ಒಟ್ಟು ಹಳಿ ಹತ್ತಿರ ಹತ್ತಿರ 15 ಮೀಟರ್. ನಿಜವಾದ ರೈಲಿನ ಗಂಟೆಗೆ 40 ಕಿ.ಮೀ. ವೇಗ ಇಲ್ಲಿ ಸೆಕೆಂಡಿಗೆ ಅರ್ಧ ಮೀಟರ್. ಒಂದು ಸುತ್ತಿಗೆ ಅರ್ಧ ನಿಮಿಷ. ಇದಕ್ಕಿಂತ ಜೋರಾಗಿ ಓಡಿಸಿದರೆ ಆಟಿಕೆ ಥರ ಕಾಣುತ್ತೆ. ಹಳೇ ಪ್ಯಾಸೆಂಜರ್ ಗಾಡಿಯ ಗತ್ತು ಇರೋದೇ ಆ ನಿಧಾನದಲ್ಲಿ.

ಗುರುತು ಹಾಕೋದು ಗಾರೆ ಕೆಲಸದವರು ಬಾವಿಗೆ ಹಾಕುವ ಥರವೇ. ಗೂಟ ಹೊಡೆದು, 1.2 ಮೀಟರ್ ದಾರ ಕಟ್ಟಿ, ಸುಣ್ಣದ ಪುಡಿಯಲ್ಲಿ ಅರ್ಧ ವೃತ್ತ ಎಳೀರಿ. 3.6 ಮೀಟರ್ ಬಿಟ್ಟು ಎದುರಿಗೆ ಇನ್ನೊಂದು. ಎರಡನ್ನೂ ನೇರ ಗೆರೆಯಿಂದ ಸೇರಿಸಿ. ಪಿಟ್ ಗುಂಡಿ ಮುಚ್ಚಳ, ಸಂಪಿನ ಬಾಯಿ, ಬಟ್ಟೆ ಒಗೆಯುವ ಕಲ್ಲಿನ ನೀರು ಹರಿಯುವ ದಾರಿ – ಈ ಮೂರರ ಮೇಲೆ ಹಳಿ ಹೋಗಬಾರದು. ಹಪ್ಪಳ, ಅಡಿಕೆ ಒಣಗಿಸುವ ಜಾಗ ಯಾವುದು ಅಂತ ಮನೆಯ ಹೆಂಗಸರನ್ನು ಮೊದಲೇ ಕೇಳೋದು ಒಳ್ಳೇದು. ಹಿತ್ತಲಿನ ನಿಜವಾದ ಸ್ಟೇಷನ್ ಮಾಸ್ಟರ್ ಅವರೇ.

ಮಣ್ಣು ನೋಡಿ ಅಡಿಪಾಯ

ಹೆಚ್ಚು ಕೆಲಸ ಇರೋದು ಇಲ್ಲಿ. ಹಳಿ, ಎಂಜಿನ್ ಮೇಲೆ ಖರ್ಚು ಮಾಡಿ ಅಡಿಪಾಯಕ್ಕೆ ಜಿಪುಣತನ ತೋರಿಸಿದರೆ ಒಂದು ಮಳೆಗಾಲ ಕಾಣಲ್ಲ.

ಕಡೂರು ಸುತ್ತಿನ ಕೆಂಪು, ಗರಸು ಮಿಶ್ರಿತ ಮಣ್ಣಿನವರು ಅದೃಷ್ಟವಂತರು. ಒಂದು ಗೇಣು ಅಗಲ, ನಾಲ್ಕಿಂಚು ಆಳ ಕಾಲುವೆ ತೆಗೆದು ಮೂರು ಇಂಚು ಸಣ್ಣ ಜಲ್ಲಿ ತುಂಬಿ ದಮ್ಮಸು ಮಾಡಿದರೆ ಸಾಕು. ನೀರು ತಾನಾಗೇ ಇಳಿದು ಹೋಗುತ್ತೆ.

ಅಜ್ಜಂಪುರ, ಶಿವನಿ ಕಡೆಯ ಎರೆ ಮಣ್ಣಿನ ಕಥೆ ಬೇರೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆ ಬಿದ್ದರೆ ಉಬ್ಬಿಕೊಳ್ಳುತ್ತೆ. ಇದರ ಮೇಲೆ ಕಾಂಕ್ರೀಟ್ ಬೆಡ್ ಹಾಕಿದರೆ ಗಟ್ಟಿ ಅಂತ ಅನ್ನಿಸುತ್ತೆ. ಆದರೆ ತೆಳು ಕಾಂಕ್ರೀಟ್ ಮಣ್ಣಿನ ಜೊತೆ ಬಾಗಲ್ಲ, ಒಡೆಯುತ್ತೆ. ಒಡೆದ ಕಡೆ ಹಳಿ ಮೆಟ್ಟಿಲು ಮೆಟ್ಟಿಲಾಗುತ್ತೆ. ಇಲ್ಲಿ ಒಂದಡಿ ಆಳಕ್ಕೆ ಎರೆ ಮಣ್ಣು ತೆಗೆದು ಹಾಕಿ, ಗರಸು ತುಂಬಿ, ಆರಾರು ಇಂಚಿಗೆ ನೀರು ಹೊಡೆದು ದಮ್ಮಸು ಮಾಡಿ, ಅದರ ಮೇಲೆ ಜಲ್ಲಿ. ಹಳಿಯನ್ನು ಯಾವುದಕ್ಕೂ ಬಿಗಿಯಬೇಡಿ, ಜಲ್ಲಿ ಮೇಲೆ ತೇಲಲಿ. ವರ್ಷಕ್ಕೊಮ್ಮೆ ತಗ್ಗಾದ ಕಡೆ ಸ್ಲೀಪರ್ ಎತ್ತಿ ಕೆಳಗೆ ಜಲ್ಲಿ ತುರುಕಿದರೆ ಆಯ್ತು. ರೈಲ್ವೆ ಗ್ಯಾಂಗ್‌ಮನ್‌ಗಳು ಇದನ್ನೇ ಪ್ಯಾಕಿಂಗ್ ಅಂತಿದ್ದರು. ನಿಜವಾದ ರೈಲು ಹಳಿಯನ್ನು ಜಲ್ಲಿ ಮೇಲೆ ಮಲಗಿಸೋದಕ್ಕೂ ಒಂದು ಮುಖ್ಯ ಕಾರಣ ಇದೇ. ನೆಲ ಅಲುಗಿದರೆ ಸರಿ ಮಾಡೋಕೆ ಬರಬೇಕು.

ತರೀಕೆರೆ ಕಡೆ ಶತ್ರು ನೀರು. ಅಲ್ಲಿ ನೆಲದಿಂದ ಒಂದಡಿ ಎತ್ತರಕ್ಕೆ ಸೈಜುಗಲ್ಲಿನ ಚಿಕ್ಕ ಕಟ್ಟೆ ಕಟ್ಟಿ ಅದರ ಮೇಲೆ ಹಳಿ ಒಯ್ಯೋದು ಜಾಣತನ. ಪ್ರತಿ ಎರಡು ಮೀಟರಿಗೆ ಕಟ್ಟೆ ಅಡಿಯಲ್ಲಿ ಒಂದು ಪಿವಿಸಿ ಪೈಪ್ ತುಂಡು ಬಿಡಿ. ನೀರಿಗೆ ದಾರಿ ಕೊಡದೆ ಕಟ್ಟಿದ ಕಟ್ಟೆ ಹಿತ್ತಲನ್ನೇ ಕೆರೆ ಮಾಡುತ್ತೆ. ಎತ್ತರ ಇದ್ದರೆ ಸೊಂಟ ಬಗ್ಗಿಸೋದೂ ಕಡಿಮೆ.

ಮೇಲೆ ಹಾಕುವ ಜಲ್ಲಿ ಯಾವುದು? ನಿಜವಾದ ಹಳಿ ಕೆಳಗಿನ ಕಲ್ಲು ಹೆಚ್ಚೆಂದರೆ 65 ಮಿ.ಮೀ. ಸ್ಕೇಲಿಗೆ 3 ಮಿ.ಮೀ. ಕ್ರಷರಿನಲ್ಲಿ ಸಿಗುವ ಅತಿ ಸಣ್ಣ ಚಿಪ್ಸನ್ನು ಜರಡಿ ಹಿಡಿದು ಧೂಳು ತೆಗೆದರೆ ಸರಿಹೋಗುತ್ತೆ. ಹೊಳೆ ಮರಳು ಬೇಡ. ಕಾಳು ದುಂಡಗಿರೋದರಿಂದ ಜಾರುತ್ತೆ. ಒಡೆದ ಕಲ್ಲಿನ ಮೂಲೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ.

ಮಟ್ಟ ನೋಡೋಕೆ ರಸಮಟ್ಟ ಒಂದೇ ಸಾಲದು, ನೀರು ತುಂಬಿದ ಲೆವೆಲ್ ಟ್ಯೂಬ್ ಬೇಕು. ಹಿತ್ತಲು ಇಳಿಜಾರಿದ್ದರೆ ಮೀಟರಿಗೆ 2 ಸೆಂ.ಮೀ.ಗಿಂತ ಹೆಚ್ಚು ಏರು ಕೊಡಬೇಡಿ. ತಿರುವಿನಲ್ಲಿ ಏರು ಇಲ್ಲದಿದ್ದರೆ ಇನ್ನೂ ಒಳ್ಳೇದು, ಎಂಜಿನ್ ಅಲ್ಲೇ ಉಸಿರು ಬಿಡೋದು.

ಹಳಿ: ಕೊಳ್ಳೋದಾ, ಮಾಡೋದಾ?

ಅಂಗಡಿ ಹಳಿ ಹಿತ್ತಾಳೆಯದು, ಪ್ಲಾಸ್ಟಿಕ್ ಸ್ಲೀಪರ್ ಜೊತೆ ಬರುತ್ತೆ. ತುಕ್ಕು ಹಿಡಿಯಲ್ಲ. ಆದರೆ ಆಮದು ಮಾಲು, ಸುಂಕ ಬೇರೆ. 15 ಮೀಟರಿಗೆ ಆಗುವ ಬಿಲ್ಲು ನೋಡಿ ಅರ್ಧಕ್ಕೆ ಕೈಬಿಡುವವರೇ ಹೆಚ್ಚು.

ಊರಲ್ಲೇ ಮಾಡಿಕೊಳ್ಳಬಹುದು. ಕಿಟಕಿ ಫ್ರೇಮ್ ಮಾಡುವ ಅಂಗಡಿಗಳಲ್ಲಿ 3 ಮಿ.ಮೀ. ದಪ್ಪ, 12 ಮಿ.ಮೀ. ಅಗಲದ ಅಲ್ಯೂಮಿನಿಯಂ ಪಟ್ಟಿ ಕೇಳಿ. ಮರದ ಮಿಲ್ಲಿನಲ್ಲಿ ಉಳಿದ ಸಾಗುವಾನಿ ರಿಪೀಸಿನ ತುಂಡು ಸ್ಲೀಪರ್ ಆಗುತ್ತೆ. ಮೀಟರ್ ಗೇಜಿನ ಮರದ ಸ್ಲೀಪರ್ 180 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ ಇರುತ್ತಿತ್ತು. ಸ್ಕೇಲಿಗೆ 80 ಮಿ.ಮೀ. ಉದ್ದ, 9 ಮಿ.ಮೀ. ಅಗಲ. ದಪ್ಪ ಮಾತ್ರ ಸ್ಕೇಲಿಗಿಂತ ಜಾಸ್ತಿ, 15 ಮಿ.ಮೀ. ಇರಲಿ, ಯಾಕಂದ್ರೆ ಪಟ್ಟಿ ಕೂರೋಕೆ ಅದರಲ್ಲಿ ಗರಗಸದಿಂದ ಎರಡು ಗೀರು ಹಾಕಬೇಕು. ಎರಡು ಪಟ್ಟಿಯ ಒಳಮೈ ನಡುವೆ ಸರಿಯಾಗಿ 45 ಮಿ.ಮೀ. ತಿರುವಲ್ಲಿ ಒಂದು ಮಿ.ಮೀ. ಹೆಚ್ಚು ಬಿಟ್ಟರೆ ಚಕ್ರ ಉಜ್ಜಲ್ಲ. ನಿಜವಾದ ರೈಲ್ವೆಯಲ್ಲೂ ಬಿಗಿ ತಿರುವಲ್ಲಿ ಗೇಜ್ ಸ್ವಲ್ಪ ಸಡಿಲ ಬಿಡ್ತಾರೆ. ಮೂರುಮೂರು ಸೆಂ.ಮೀ.ಗೆ ಒಂದು ಸ್ಲೀಪರ್ ಅಂದರೆ ಈ ಲೂಪಿಗೆ ಹತ್ತಿರ ಹತ್ತಿರ 500 ಬೇಕು. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಮೊಬೈಲ್ ಬಿಡಿಸೋಕೆ ಇಷ್ಟು ಕೆಲಸ ಸಾಕು! ಗೆದ್ದಲು ಬರದ ಹಾಗೆ ಸ್ಲೀಪರ್‌ಗಳನ್ನು ಗೇರೆಣ್ಣೆಯಲ್ಲಿ ಅದ್ದಿ ಒಣಗಿಸಬೇಕು. ಅದ್ದುವ ಕೆಲಸ ದೊಡ್ಡವರದ್ದು, ಕೈಗವಸು ಹಾಕಿಕೊಂಡು. ಗೇರೆಣ್ಣೆ ಚರ್ಮ ಸುಡುತ್ತೆ.

ಎಲ್ಲರೂ ಮರೆಯುವ ಒಂದು ವಿಷಯ ಬಿಸಿಲು. ಹನ್ನೆರಡಡಿ ಉದ್ದದ ಅಲ್ಯೂಮಿನಿಯಂ ಪಟ್ಟಿ ಜನವರಿ ಬೆಳಗಿನ ಚಳಿಯಿಂದ ಏಪ್ರಿಲ್ ಮಧ್ಯಾಹ್ನದ ಕಾವಿಗೆ ಹೋದರೆ ಸುಮಾರು 4 ಮಿ.ಮೀ. ಹಿಗ್ಗುತ್ತೆ. ಜಾಗ ಬಿಡದಿದ್ದರೆ ಹಳಿ ಹಾವಿನ ಹಾಗೆ ಸೊಟ್ಟ ಆಗುತ್ತೆ. ಚಳಿಯಲ್ಲಿ ಹಾಕಿದರೆ ಜೋಡಣೆಯಲ್ಲಿ 4 ಮಿ.ಮೀ. ಸಂದು ಬಿಡಿ, ಏಪ್ರಿಲ್ ಮಧ್ಯಾಹ್ನ ಹಾಕಿದರೆ ಹೆಚ್ಚುಕಮ್ಮಿ ತಾಗಿಸಬಹುದು. ಪಟ್ಟಿಯ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಚಕ್ರ ಸಂದಿಗೆ ಬೀಳಲ್ಲ. ಹಳೇ ಹಳಿ ಮೇಲೆ ರೈಲು ಹೋಗುವಾಗ ಬರುತ್ತಿದ್ದ ಟಕಟಕ ಶಬ್ದ ಇಂಥ ಸಂದುಗಳದ್ದೇ. ಈಗ ಹಳಿಗಳನ್ನು ಬೆಸುಗೆ ಹಾಕಿ ಉದ್ದ ಮಾಡಿರೋದರಿಂದ ಆ ತಾಳ ಕಡಿಮೆಯಾಗಿದೆ. ಹಿತ್ತಲಲ್ಲಿ ಅದೂ ವಾಪಸ್ ಬರುತ್ತೆ.

ಕರೆಂಟಾ, ಬ್ಯಾಟರಿಯಾ?

ಹಳೇ ಪದ್ಧತಿ ಅಂದ್ರೆ ಹಳಿಯಲ್ಲೇ 24 ವೋಲ್ಟ್ ವರೆಗಿನ ಡಿಸಿ ಹರಿಸೋದು. ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್. ಇಷ್ಟು ಕಡಿಮೆ ವೋಲ್ಟೇಜ್ ಮುಟ್ಟಿದರೆ ಅಪಾಯ ಇಲ್ಲ. ಆದರೆ ಟ್ರಾನ್ಸ್‌ಫಾರ್ಮರ್ ಮನೆ ಒಳಗೇ ಇರಬೇಕು, 230 ವೋಲ್ಟಿನ ವೈರ್ ಯಾವ ಕಾರಣಕ್ಕೂ ಹಿತ್ತಲಿಗೆ ಬರಬಾರದು. ಆ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಮಳೆಯಲ್ಲಿ ಒದ್ದೆ ಕಾಲಲ್ಲಿ ನಿಂತು ಎಕ್ಸ್‌ಟೆನ್ಷನ್ ಬೋರ್ಡ್ ಮುಟ್ಟಿ ಆಗುವ ಅನಾಹುತಕ್ಕೆ ಯಾವ ಹವ್ಯಾಸವೂ ಬೆಲೆಬಾಳಲ್ಲ.

ಈ ಪದ್ಧತಿಯಲ್ಲಿ ಇನ್ನೊಂದು ತೊಡಕಿದೆ. ಹೋದ ರೈಲು ಅದೇ ಹಳಿಗೆ ತಿರುಗಿ ಬರಲಿ ಅಂತ ಹಳಿಯ ತುದಿಯಲ್ಲಿ ಕುಣಿಕೆ ಹಾಕಿದರೆ ಪ್ಲಸ್ ಹಳಿ ಸುತ್ತಿ ಬಂದು ಮೈನಸ್ಸಿಗೆ ತಾಗುತ್ತೆ. ಶಾರ್ಟ್ ಸರ್ಕ್ಯೂಟ್! ಸಾದಾ ಮೊಟ್ಟೆಯಾಕಾರದ ಲೂಪಿನಲ್ಲಿ ಈ ಸಮಸ್ಯೆ ಇಲ್ಲ. ಹೊಸಬರು ಅಷ್ಟಕ್ಕೇ ನಿಲ್ಲೋದು ಒಳ್ಳೇದು.

ನಮ್ಮ ಕಡೆಗೆ ಬ್ಯಾಟರಿಯೇ ಸರಿ ಅನ್ನಬೇಕು. ಹಳಿ ಮೇಲೆ ಧೂಳು, ಅಂಟು, ಎಲೆ ಕೂತರೆ ಕರೆಂಟ್ ದಾಟಲ್ಲ, ದಿನಾ ಬೆಳಗ್ಗೆ ಹಳಿ ಉಜ್ಜುತ್ತಾ ಕೂರಬೇಕು. ಲೋಡ್ ಶೆಡ್ಡಿಂಗ್ ಬೇರೆ. ಎಂಜಿನ್ ಒಳಗೇ ನಾಲ್ಕು ಲಿಥಿಯಂ ಸೆಲ್ಲಿನ 14.8 ವೋಲ್ಟ್ ಪ್ಯಾಕ್, ರಿಮೋಟ್ ಕಾರಿನಲ್ಲಿರುವಂಥ ರಿಸೀವರ್, ಒಂದು ಗೇರ್ ಮೋಟಾರ್. ಹಳಿ ಬರೀ ದಾರಿ, ಅಷ್ಟೇ. ಅಲ್ಯೂಮಿನಿಯಂ ಪಟ್ಟಿ ನಡೆಯೋದು ಈ ಕಾರಣಕ್ಕೇ. ಪ್ಯಾಕಿಗೆ ಬಿಎಂಎಸ್ ಬೋರ್ಡ್ ಕಡ್ಡಾಯ. ಕಪ್ಪು ಬಣ್ಣದ ಎಂಜಿನನ್ನು ಬಿಸಿಲಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ, ಲಿಥಿಯಂ ಬ್ಯಾಟರಿ ಕಾದರೆ ಬೆಂಕಿ ಹತ್ತಬಹುದು. ಗ್ಯಾಸ್ ಉರಿಸಿ ನಿಜವಾದ ಹಬೆಯಲ್ಲಿ ಓಡುವ ಎಂಜಿನ್‌ಗಳೂ ಇವೆ. ಒಣಗಿದ ತೆಂಗಿನ ಗರಿ ಬಿದ್ದಿರುವ ಹಿತ್ತಲಿಗೆ ಅದು ಬೇಡವೇ ಬೇಡ.

ಮೊದಲ ಗಾಡಿ ಯಾವುದು?

ಬಹಳ ಜನ ವೈಪಿ ಸ್ಟೀಮ್ ಎಂಜಿನ್ ಆಸೆಪಡ್ತಾರೆ. ದೇಶದ ಮೀಟರ್ ಗೇಜಲ್ಲಿ ಮೇಲ್, ಪ್ಯಾಸೆಂಜರ್ ಎಳೆದ ಚಂದದ ಎಂಜಿನ್ ಅದು. ಆದರೆ ಟೆಂಡರ್ ಸೇರಿ ಸ್ಕೇಲಿಗೆ 80 ಸೆಂ.ಮೀ. ದಾಟುತ್ತೆ, ಮಧ್ಯೆ ಆರು ದೊಡ್ಡ ಚಕ್ರ, ರಾಡು ಬೇರೆ. ಮೊದಲ ಕೆಲಸಕ್ಕೆ ಅದಲ್ಲ.

ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿ ಮೀಟರ್ ಗೇಜ್ ಇದ್ದ ಕಾಲದಲ್ಲಿ ರೈಲ್‌ಬಸ್ ಓಡುತ್ತಿತ್ತು, ನೆನಪಿದೆಯಾ? ಬಸ್ಸಿಗೆ ರೈಲಿನ ಚಕ್ರ ಹಾಕಿದ ಹಾಗಿತ್ತು. ಬಸ್ಸಿನ ಉದ್ದ 11 ಮೀಟರ್ ಅಂತ ಇಟ್ಟುಕೊಂಡರೂ ಸ್ಕೇಲಿಗೆ ಅರ್ಧ ಮೀಟರ್. ಪಿವಿಸಿ ಫೋಮ್ ಶೀಟಿನ ಡಬ್ಬ, ಎರಡು ಬೋಗಿ, ಒಂದು ಮೋಟಾರ್. 1.2 ಮೀಟರ್ ತಿರುವಲ್ಲಿ ಆರಾಮಾಗಿ ತಿರುಗುತ್ತೆ. ಎಂಜಿನ್ ಬೇರೆ, ಬೋಗಿ ಬೇರೆ ಮಾಡೋದೂ ಬೇಡ. ಚಕ್ರ ಮಾತ್ರ ಲೇತ್ ಕೆಲಸದವರ ಹತ್ತಿರ ಮಾಡಿಸಿ. ಒಳಗಿನ ಅಂಚು 3 ಮಿ.ಮೀ. ಇಳಿಯಬೇಕು, ಎರಡು ಚಕ್ರದ ಬೆನ್ನಿನ ನಡುವಿನ ಅಂತರ ಎಲ್ಲದರಲ್ಲೂ ಒಂದೇ ಇರಬೇಕು. ಒಂದು ಜೋಡಿ ತಪ್ಪಿದರೂ ಗಾಡಿ ಅಲ್ಲೇ ಹಳಿ ತಪ್ಪುತ್ತೆ.

ಬಣ್ಣ, ಬಾಗಿಲು, ಮೆಟ್ಟಿಲು ಹೇಗಿತ್ತು ಅಂತ ತಿಳಿಯೋಕೆ ಮೈಸೂರಿನ ರೈಲ್ವೆ ಮ್ಯೂಸಿಯಂ ಒಂದು ಜಾಗ. 1979ರಲ್ಲಿ ಶುರುವಾದ ಅಲ್ಲಿ ಮೀಟರ್ ಗೇಜ್ ಸ್ಟೀಮ್ ಎಂಜಿನ್, ಮಹಾರಾಣಿಯವರ ಸಲೂನ್ ಎಲ್ಲ ಇದೆ. ಟೇಪ್ ಹಿಡಿದುಕೊಂಡು ಹೋಗಬಹುದು.

ಇನ್ನೊಂದು ಜಾಗ ಹತ್ತಿರದಲ್ಲೇ ಇದೆ. ಬೀರೂರು, ಕಡೂರು, ತರೀಕೆರೆಯಲ್ಲಿ ಮೀಟರ್ ಗೇಜ್ ಕಾಲದಲ್ಲಿ ಕೀಮನ್, ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್ ಆಗಿದ್ದವರಲ್ಲಿ ಉಳಿದವರಿಗೆ ಈಗ ವಯಸ್ಸಾಗಿದೆ. ಯಾವ ಲೈನಲ್ಲಿ ಗಾಡಿ ಕ್ರಾಸಿಂಗ್‌ಗೆ ನಿಲ್ಲುತ್ತಿತ್ತು, ನೀರಿನ ಕಂಬ ಎಲ್ಲಿತ್ತು, ಗೂಡ್ಸ್ ಶೆಡ್ಡಿನ ಬಾಗಿಲು ಯಾವ ಕಡೆ – ಇದನ್ನೆಲ್ಲ ಅವರಷ್ಟು ವಿವರವಾಗಿ ಹೇಳುವವರು ಬೇರೆ ಸಿಗಲ್ಲ. ನರಸಿಂಹರಾಜಪುರದ ಪುಟ್ಟ ರೈಲು ಹತ್ತಿದ್ದವರನ್ನು ಈಗ ಹುಡುಕಿದರೂ ಸಿಗೋದು ಕಷ್ಟ. ಮೀಟರ್ ಗೇಜಿನ ವಿಷಯದಲ್ಲಿ ಕೇಳೋಕೆ ಇನ್ನೂ ಜನ ಇದ್ದಾರೆ. ಅಜ್ಜ ರೈಲ್ವೆಯಲ್ಲಿದ್ದ ಮನೆಯವರು ಈ ಕೆಲಸವನ್ನು ಹಳಿ ಹಾಕೋದಕ್ಕೂ ಮೊದಲು ಮಾಡಲಿ. ಒಂದು ಸ್ಟೇಷನ್ನಿನ ನಕ್ಷೆಯನ್ನು ಅವರ ಕೈಯಲ್ಲೇ ಬರೆಸಿಕೊಂಡರೆ ಹಿತ್ತಲಿಗೂ ಆಯ್ತು, ಊರಿಗೂ ಒಂದು ದಾಖಲೆ ಆಯ್ತು.

ಗಿಡ, ಕೋತಿ, ಹೆಗ್ಗಣ

ಹಳಿ ಪಕ್ಕ ಗಿಡ ಹಾಕುವಾಗ ಸ್ಕೇಲ್ ನೋಡಿ. ಎಲ್ಲರೂ ಕಿತ್ತೆಸೆಯುವ ನೆಲನೆಲ್ಲಿ ಒಂದಡಿ ಬೆಳೆದರೆ ಇಲ್ಲಿ ಇಪ್ಪತ್ತೆರಡು ಅಡಿಯ ಹುಣಸೆ ಮರ! ಎಲೆಯೂ ಹಾಗೇ ಕಾಣುತ್ತೆ. ದೊಡ್ಡಪತ್ರೆ ಬೇಡ, ಒಂದೊಂದು ಎಲೆ ಬೋಗಿ ಬಾಗಿಲಷ್ಟಾಗುತ್ತೆ. ಗರಿಕೆ ಜಲ್ಲಿ ಸಂದಿಯಲ್ಲಿ ಬಂದರೆ ಬೇರು ಸಮೇತ ಅವತ್ತೇ ಕೀಳಬೇಕು.

ತೆಂಗಿನ ಮರದ ಕೆಳಗೆ ಲೂಪ್ ಹಾಕಬೇಡಿ. ಒಂದು ಕಾಯಿ ಬಿದ್ದರೆ ಹಳಿಯ ಕಥೆ ಬಿಡಿ, ಪಕ್ಕ ಕೂತ ಮಗುವಿನ ಕಥೆ ಏನು? ಹೆಗ್ಗಣ ಜಲ್ಲಿ ಅಡಿಯಲ್ಲಿ ಬಿಲ ತೋಡಿದರೆ ಹಳಿ ಒಂದೇ ರಾತ್ರಿಗೆ ಕುಸಿಯುತ್ತೆ. ಗರಸಿನ ಕೆಳಗೆ ಕೋಳಿಗೂಡಿನ ಜಾಲರಿ ಹಾಸಿದ್ದರೆ ತಡೆಯಬಹುದು. ಕೋತಿಗೆ ಉಪಾಯ ಇಲ್ಲ. ಹೊಳೆಯುವ, ಓಡುವ ವಸ್ತು ಕಂಡರೆ ಎತ್ತಿಕೊಂಡು ಹೋಗಿ ಸೂರಿನ ಮೇಲೆ ಕೂರುತ್ತೆ. ಆಟ ಮುಗಿದ ತಕ್ಷಣ ಗಾಡಿ ಒಳಗೆ ಬರಬೇಕು, ಹಳಿ ಮಾತ್ರ ಹೊರಗೆ.

ಮೊದಲ ಸಲ ಓಡಿಸುವ ಮುಂಚೆ ಒಂದು ಖಾಲಿ ವ್ಯಾಗನ್ನನ್ನು ಬೆರಳಲ್ಲಿ ತಳ್ಳಿಕೊಂಡು ಇಡೀ ಲೂಪ್ ಸುತ್ತಿ. ಎಲ್ಲಿ ತಡೆಯುತ್ತೋ, ಎಲ್ಲಿ ಅಲುಗುತ್ತೋ ಅಲ್ಲಿ ಚಾಕ್‌ಪೀಸ್ ಗುರುತು ಹಾಕಿ, ಗೇಜ್ ಅಳೆಯಿರಿ. ಮೋಟಾರ್ ಹಾಕಿದ ಮೇಲೆ ತಪ್ಪು ಹುಡುಕೋದು ಕಷ್ಟ. ಮಳೆಗಾಲದಲ್ಲಿ ಹಳಿಗೆ ರಜೆ. ದಸರಾ ಕಳೆದು ನೆಲ ಆರಿದ ಮೇಲೆ ಲೆವೆಲ್ ಟ್ಯೂಬ್ ಹಿಡಿದು ಒಂದು ಸುತ್ತು ಪ್ಯಾಕಿಂಗ್ ಮಾಡಿದರೆ ದೀಪಾವಳಿ ರಜೆಗೆ ಗಾಡಿ ಬಿಡಬಹುದು.